ತಂಗಿಯ ರಕ್ತ, ಇಲಿಗಳ ಸಾಕ್ಷಿ

"ಒಂದು ಹೆಜ್ಜೆ ಮುಂದಿಟ್ರೆ ಮುಚ್ಚಳ ತೆಗೀತೀನಿ!"

ಪಿಸ್ತೂಲಲ್ಲ, ಚಾಕುವಲ್ಲ... ಅವನ ಕೈಯಲ್ಲಿದ್ದದ್ದು ಇಲಿಗಳಿದ್ದ ಪ್ಲಾಸ್ಟಿಕ್ ಡಬ್ಬ!

ನಗಬೇಡಿ. ಆ ಬಿಳಿ ಇಲಿಗಳಿಗೆ ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿ ಇಲ್ಲ. ಅದಕ್ಕೇ ಅವುಗಳ ಮೈಯಲ್ಲಿ ಮನುಷ್ಯರ ಕ್ಯಾನ್ಸರ್ ಬೆಳೆಯುತ್ತದೆ. ಹತ್ತಿರ ನಿಂತು ಯಾರಾದರೂ ಕೆಮ್ಮಿದರೂ ಸಾಕು, ಅವುಗಳ ಕತೆ ಮುಗಿದ ಹಾಗೆ.

ಆ ಡಬ್ಬದಲ್ಲಿ ಬೆಳೆಯುತ್ತಿದ್ದದ್ದು ನನ್ನ ತಂಗಿಯ ರಕ್ತದ ಕ್ಯಾನ್ಸರ್.

ಎರಡು ಔಷಧಿ, ಎರಡು ಡಬ್ಬ. ಯಾವ ಡಬ್ಬದ ಇಲಿಗಳು ಚೇತರಿಸಿಕೊಳ್ಳುತ್ತವೋ ಆ ಔಷಧಿ ತಂಗಿಗೆ. ಇವತ್ತೇ ಶುರು!

ಇವನು ಅದರಲ್ಲೊಂದು ಔಷಧಿಯ ಕಂಪನಿ ಏಜೆಂಟ್. ಲ್ಯಾಬಿನಲ್ಲಿ ಎಲ್ಲರೂ ಕರೆಯುವುದು 'ಟೈ' ಅಂತ. ಇವನ ಡಬ್ಬದ ಇಲಿಗಳು ಪವಾಡದಂತೆ ಗುಣವಾಗಿದ್ದವು. ಇಲಿಕೋಣೆಯ ಉಸ್ತುವಾರಿ ನನ್ನ ಅತ್ತಿಗೆಯದು. ಬೆಳಿಗ್ಗೆಯೇ ನನಗೆ ಫೋನ್ ಬಂತು. ಪತ್ತೇದಾರ ಮೈದುನ ಇರುವುದು ಮತ್ತೆ ಯಾಕೆ?

"ಕ್ಯಾನ್ಸರ್ ಹೋಯ್ತು, ಸರಿ. ಆದ್ರೆ ರೋಗ ತಡೆಯೋ ಕಣಗಳು ಎಲ್ಲಿಂದ ಬಂದ್ವು? ಈ ಜಾತಿ ಇಲಿಗೆ ಅವು ಇರೋದೇ ಇಲ್ಲ ಕಣೋ!"

ಅಂದರೆ... ಮಾಮೂಲಿ ಬಿಳಿ ಇಲಿ ತಂದು ಬದಲಾಯಿಸಿದ್ದ! ಬಣ್ಣ ನೋಡಿದ್ದ, ರಕ್ತ ನೋಡಿರಲಿಲ್ಲ, ದರಿದ್ರದವನು.

ನನ್ನನ್ನು ಕಂಡದ್ದೇ ತಡ, ಸ್ಟೋರ್‌ರೂಮಿನಲ್ಲಿ ಬಚ್ಚಿಟ್ಟಿದ್ದ ಅಸಲಿ ಡಬ್ಬ ಹೊತ್ತು ಓಟ ಕಿತ್ತ. ಕಾರಿಡಾರ್... ಲಿಫ್ಟ್ ಬಾಗಿಲು... ಮೆಟ್ಟಿಲು!

ಮೆಟ್ಟಿಲ ತಿರುವಿನಲ್ಲಿ ಅಡ್ಡಗಟ್ಟಿದೆ.

"ಸ್ಸಾರ್..." ಜೇನು ಸುರಿಯುವ ದನಿ. "ಬರೀ ಇಲಿ ಸ್ಸಾರ್! ಇಲಿಗೋಸ್ಕರ ಇಷ್ಟು ಸಿಟ್ಟಾ?"

"ಅದರೊಳಗಿರೋದು ನನ್ನ ತಂಗಿ ಕಣೋ!"

ಅವನ ಬೆರಳು ಮುಚ್ಚಳದ ಕ್ಲಿಪ್ ಮೇಲೆ ಹೋಯಿತು. ನನ್ನ ಕೈ ಅವನ ಟೈ ಮೇಲೆ!

ಒಂದೇ ಜಗ್ಗು. ಕತ್ತು ಬಗ್ಗಿತು. ಡಬ್ಬ ಜಾರಿತು... ಎದೆಗೆ ಅವುಚಿಕೊಂಡೆ.

ಕ್ಲಿಪ್ ಬಿಚ್ಚಿರಲಿಲ್ಲ.

ಅವನನ್ನು ಟೈ ಹಿಡಿದೇ ಎಳೆದು ತಂದು ಇಲಿಕೋಣೆಯ ಬಾಗಿಲಲ್ಲಿ ಕಾವಲುಗಾರನ ವಶಕ್ಕೆ ಕೊಟ್ಟೆ. ಒಳಗೆ ಹೋಗುವ ಮುಂಚೆ ಮಾಸ್ಕ್, ಗ್ಲೌಸ್ ಹಾಕಿಕೊಂಡೆ. ಅತ್ತಿಗೆಯ ಕಾನೂನು. ಅವರು ಇಲಿಯ ಬಾಲದಿಂದ ಹನಿ ರಕ್ತ ತೆಗೆದು ಮಷಿನ್ನಿಗೆ ಹಾಕಿದರು.

"ಕ್ಯಾನ್ಸರ್ ತುಂಬಿ ತುಳುಕ್ತಿದೆ ಕಣೋ! ಇವನ ಔಷಧಿಗಿಂತ ನೀರೇ ವಾಸಿ. ಇನ್ನೊಂದು ಡಬ್ಬದವು ನಿಜವಾಗ್ಲೂ ಚೇತರಿಸ್ಕೊಂಡಿವೆ. ತಂಗಿಗೆ ಅದೇ ಕೊಡೋಕೆ ಹೇಳ್ತೀನಿ."

ಅತ್ತಿಗೆ ಡಾಕ್ಟರಿಗೆ ಫೋನ್ ಹಚ್ಚಿದರು.

ಬಾಗಿಲಾಚೆ ಬಂದೆ. ಟೈ ಗೋಡೆಗೆ ಅಂಟಿಕೊಂಡ. "ಸ್ಸಾರ್, ಮೈ ಮುಟ್ಬೇಡಿ... ಪ್ಲೀಸ್..."

ಬಲಗೈ ಗ್ಲೌಸ್ ಬಿಚ್ಚಿ ಜೇಬಿಗಿಟ್ಟೆ. ಆಮೇಲೆ ಅವನ ಕಪಾಳಕ್ಕೆ ಬಿಟ್ಟೆ!

ಇಲಿಗಳನ್ನು ಮುಟ್ಟೋ ಗ್ಲೌಸು... ಕೊಳಕಾಗಬಾರದು ನೋಡಿ.