ಪೀಣ್ಯದ ಜರ್ಮನ್ ಕೀಲಿಮಣೆ

"ನನ್ ಮಿಷನ್ನಿಗೇ ಬೀಗ ಹಾಕ್ಬುಟ್ಟವ್ನೆ ಕಣಮ್ಮ! ಪಾಸ್‌ವರ್ಡ್ ಬದಲಾಯಿಸ್ಬುಟ್ಟವ್ನೆ! ಮೂರು ಗಂಟೆಗೆ ಲಾರಿ ಬರ್ತದೆ, ಬೇಗ ಬನ್ನಿ!"

ಹತ್ತೂವರೆಗೆ ಬಂದ ಫೋನು. ಪೀಣ್ಯದಲ್ಲಿ ಕಬ್ಬಿಣದ ಅಚ್ಚು ಮಾಡುವ ಕಾರ್ಖಾನೆಯ ಮಾಲೀಕ ದಾಸಪ್ಪನವರ ದನಿ ಅಂಗಡಿಯ ಹೊರಗಿದ್ದ ನನಗೂ ಕೇಳಿಸಿತು. ಮಾರತ್ತಹಳ್ಳಿಯ ನಮ್ಮ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಒಡತಿ ವೇಣಿ ಅಕ್ಕ. ಅವಳ ಬಳಿ ಬೈಕ್ ಓಡಿಸುವುದು ನನ್ನ ಕೆಲಸ, ತಲೆ ಓಡಿಸುವುದು ಅವಳದು. ರಿಂಗ್ ರೋಡಿನ ಟ್ರಾಫಿಕ್ ದಾಟಿ ಪೀಣ್ಯ ಮುಟ್ಟುವಷ್ಟರಲ್ಲಿ ಹನ್ನೆರಡಾಗಿತ್ತು.

ಹೊಸ ಜರ್ಮನ್ ಮಿಷನ್ ಅರ್ಧ ಕೆತ್ತಿದ ಅಚ್ಚನ್ನು ಕಚ್ಚಿಕೊಂಡು ನಿಂತಿತ್ತು. ಪಕ್ಕದಲ್ಲಿ ಅದನ್ನು ನಡೆಸುವ ಲ್ಯಾಪ್‌ಟಾಪ್. ಅದೂ ಜರ್ಮನಿಯಿಂದಲೇ ಬಂದದ್ದು, ಒಳಗಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ತೆರೆಯ ಮೇಲೆ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ.

"ಆಫ್ ಮಾಡಿ ಆನ್ ಮಾಡಿದ್ರೆ?" ಎಂದೆ.

ಮೇಲ್ವಿಚಾರಕ ಕೃಷ್ಣ ನನ್ನನ್ನು ದುರುಗುಟ್ಟಿ ನೋಡಿದ. "ಆಫ್ ಮಾಡಿದ್ರೆ ಮಿಷನ್‌ಗೆ ನಿಂತ ಜಾಗ ಮರ್ತೋಗತ್ತೆ ಗುರು. ಅಚ್ಚು ಗುಜರಿಗೆ."

ಗೋಡೆಗೊರಗಿ ನಿಂತಿದ್ದವನು ಹನುಮೇಶ, ಆ ಮಿಷನ್ನಿನ ಆಪರೇಟರ್. ಕೊಪ್ಪಳದ ಕಡೆಯವನು. ಬನಿಯನ್ ಬೆವರಿನಲ್ಲಿ ತೊಯ್ದಿತ್ತು.

"ಏನಾಯ್ತು, ಹೇಳಿ," ಎಂದಳು ವೇಣಿ ಅಕ್ಕ.

"ಹತ್ತಕ್ಕ ಮಿಷನ್ ನಿಲ್ಲಿಸಿ ಚಾ ಕುಡಿಯಾಕ ಹೋದ್ಯಾರೀ. ಲ್ಯಾಪ್‌ಟಾಪ್ ತೆರದ ಇತ್ತು. ಬಂದು ನೋಡಿದ್ರ ತಾನ ಲಾಕ್ ಆಗಿತ್ತು. ಪಾಸ್‌ವರ್ಡ್ ಹೊಡದೆ, ತಪ್ಪು ಅಂತು. ಹತ್ತು ಸಲ ಹೊಡದೆ ಮೇಡಂ!"

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಇವನೊಬ್ಬನಿಗೇ," ಎಂದ ಕೃಷ್ಣ. "ನಿನ್ನೆ ರಜ ಕೇಳ್ದ, ಸಾರ್ ಇಲ್ಲ ಅಂದ್ರು. ಇವತ್ತು ಹಿಂಗೆ."

"ಹೆಂಡ್ತಿ ಹೆರಿಗೀಗೆ ಕೇಳಿದ್ದೆ. ಅದಕ್ಕ ದ್ರೋಹ ಮಾಡ್ತಾರೇನ್ರೀ?"

ದಾಸಪ್ಪನವರು ಆಫೀಸಿನ ಬಾಗಿಲಲ್ಲೇ ಕಂಪ್ಯೂಟರ್ ಮುಂದೆ ಕೂತು ಪೊಲೀಸರಿಗೆ ದೂರು ಟೈಪ್ ಮಾಡುತ್ತಿದ್ದರು. ಕಣ್ಣೆಲ್ಲ ಹನುಮೇಶನ ಮೇಲೆ. "ಎಲ್ಲರ ಎದುರಿಗೇ ಹೇಳ್ತೀನಿ, ದ್ರೋಹಿ ಕಣೋ ನೀನು! ಪೊಲೀಸ್ನೋರು ಬರ್ಲಿ, ಆಗ ಗೊತ್ತಾಗ್ತದೆ!" ಬೈಗುಳ ನಿಲ್ಲಲಿಲ್ಲ, ಬೆರಳೂ ನಿಲ್ಲಲಿಲ್ಲ. ಹತ್ತಾರು ಕೆಲಸಗಾರರು ಸುಮ್ಮನೆ ನಿಂತು ನೋಡುತ್ತಿದ್ದರು. ಪಾಪದ ಮನುಷ್ಯ ಜೈಲಿಗೆ ಹೋಗುತ್ತಾನಲ್ಲ ಎಂದುಕೊಂಡೆ.

"ಟೀ ಹೊತ್ನಲ್ಲಿ ಲ್ಯಾಪ್‌ಟಾಪ್ ಹತ್ರ ಬೇರೆ ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ," ಎಂದರು ದಾಸಪ್ಪ.

"ಕರೆಂಟ್ ಇತ್ತಾ?"

"ಇರ್ಲಿಲ್ಲ, ಆಮೇಲೆ ಬಂತು. ಮಿಷನ್ನಿಗೆ ಜನರೇಟರ್ ಅದೆ. ಆಫೀಸಿಗಿಲ್ಲ. ಅದೆಲ್ಲ ಯಾಕಮ್ಮ ಈಗ?"

ವೇಣಿ ಅಕ್ಕ ಲ್ಯಾಪ್‌ಟಾಪಿನತ್ತ ತಿರುಗಿದಳು. "ಹನುಮೇಶ, ಇನ್ನೊಂದ್ಸಲ ಹೊಡೀರಿ."

ಅವನು ಜೇಬಿನಿಂದ ಚೀಟಿ ತೆಗೆದ. ಒಂದೇ ಬೆರಳು. ಚೀಟಿ ನೋಡುವುದು, ಅಕ್ಷರ ಹುಡುಕುವುದು, ಒತ್ತುವುದು. ಚೀಟಿಯಲ್ಲಿದ್ದದ್ದು ಸಿಲಿಂಡರಿಗೆ ಜರ್ಮನರ ಪದ. ಮೊದಲು ಝೆಡ್, ಆಮೇಲೆ ವೈ. ತಪ್ಪು ಎಂದಿತು ಲ್ಯಾಪ್‌ಟಾಪ್.

ಗಂಟೆ ಒಂದಾಗುತ್ತ ಬಂದಿತ್ತು. ವೇಣಿ ಅಕ್ಕ ತೆರೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಅಂಜನ್, ಪೆಟ್ಟಿಗೆ ಪಕ್ಕ ಏನಿದೆ ಓದು."

ಪುಟ್ಟ ಮೂರು ಅಕ್ಷರ. "ಯು, ಎಸ್, ಎ. ಕಂಪನಿ ಹೆಸರಿರ್ಬೇಕು ಅಕ್ಕ."

"ಜರ್ಮನಿ ಲ್ಯಾಪ್‌ಟಾಪ್ ಮೇಲೆ ಅಮೆರಿಕ ಯಾಕೋ ಬಂತು?"

ಅವಳು ಆ ಅಕ್ಷರಗಳ ಮೇಲೆ ಒಮ್ಮೆ ಕ್ಲಿಕ್ ಮಾಡಿದಳು. ಅವು ಮಾಯವಾಗಿ 'ಜಿ, ಇ, ಆರ್' ಬಂತು. "ಈಗ ಹೊಡೀರಿ."

ಹನುಮೇಶ ಮತ್ತೆ ಚೀಟಿ ನೋಡಿದ. ಒಂದೊಂದೇ ಅಕ್ಷರ — ಎಂಟರ್ — ತೆರೆ ತೆರೆದುಕೊಂಡಿತು!

"ಅಂದ್ರೆ ಪಾಸ್‌ವರ್ಡ್ ಬದಲಾಗೇ ಇರ್ಲಿಲ್ವಾ?" ಎಂದ ಕೃಷ್ಣ.

"ಇಲ್ಲ. ಬದಲಾಗಿದ್ದು ಕೀಲಿಮಣೆಯ ಭಾಷೆ. ಜರ್ಮನ್ ಕೀಲಿಮಣೇಲಿ ನಮ್ಮ ವೈ ಜಾಗದಲ್ಲಿ ಝೆಡ್ ಇರತ್ತೆ, ಝೆಡ್ ಜಾಗದಲ್ಲಿ ವೈ. ಯಾರೋ ಅದನ್ನ ಅಮೆರಿಕದ್ದಕ್ಕೆ ತಿರುಗ್ಸಿದ್ರು. ಆಮೇಲೆ ಹನುಮೇಶ ಝೆಡ್ ಒತ್ತಿದ್ರೆ ಒಳಗೆ ವೈ ಬೀಳ್ತಿತ್ತು. ಚುಕ್ಕಿ ಮಾತ್ರ ಕಾಣೋದ್ರಿಂದ ಯಾರಿಗೂ ಗೊತ್ತಾಗ್ಲಿಲ್ಲ."

"ಇವನೇ ತಿರುಗ್ಸವ್ನೆ!" ದಾಸಪ್ಪ ಎದ್ದು ನಿಂತರು.

"ಯಾಕೆ ಸಾರ್? ಮಣೆ ನೋಡಿ ಒತ್ತೋರಿಗೆ ಜರ್ಮನ್ನೇ ಸರಿ. ಕಂಡಿದ್ದೇ ಬೀಳತ್ತೆ. ತೊಂದರೆ ಆಗೋದು ಮಣೆ ನೋಡದೆ ಟೈಪ್ ಮಾಡೋರಿಗೆ. ಬೆರಳು ಹಳೇ ಜಾಗಕ್ಕೇ ಹೋಗತ್ತೆ, ಅಕ್ಷರ ತಪ್ಪಾಗತ್ತೆ, ಸಿಟ್ಟು ಬರತ್ತೆ. ಈ ಶೆಡ್ಡಲ್ಲಿ ಮಣೆ ನೋಡದೆ ಟೈಪ್ ಮಾಡೋರು ಯಾರು ಸಾರ್?"

ಎಲ್ಲರೂ ಆಫೀಸಿನತ್ತ ತಿರುಗಿದರು.

"ಈಗ ತಾನೆ ಇಡೀ ದೂರನ್ನ ಹನುಮೇಶನ ಮುಖ ನೋಡ್ಕೊಂಡೇ ಟೈಪ್ ಮಾಡಿದ್ರಿ," ಎಂದಳು ವೇಣಿ ಅಕ್ಕ. "ಟೀ ಹೊತ್ನಲ್ಲಿ ಕರೆಂಟಿಲ್ಲ, ಆಫೀಸಿನ ಕಂಪ್ಯೂಟರ್ ಸತ್ತಿತ್ತು. ತೆರೆದಿದ್ದ ಲ್ಯಾಪ್‌ಟಾಪ್ ಇದೊಂದೇ. ಯಾರೂ ಬಂದಿರ್ಲಿಲ್ಲ ಅಂದ್ರಲ್ಲ, ನಿಮ್ಮನ್ನ ಸೇರಿಸ್ಕೊಂಡಿದ್ರಾ?"

ದಾಸಪ್ಪನವರ ದನಿ ಇಳಿಯಿತು. "ಗಿರಾಕಿಗೊಂದು ಕಾಗದ ಅರ್ಜೆಂಟಾಗಿ ಬೇಕಿತ್ತು. ಟೈಪಿಂಗ್ ಸೀನಿಯರ್ ಪಾಸ್ ಮಾಡ್ದೋನು ನಾನು, ವೈ ಒತ್ತಿದ್ರೆ ಝೆಡ್ ಬತ್ತದೆ! ಸ್ಕ್ರೀನ್ ಮೂಲೇಲಿ ಏನೋ ಮೂರಕ್ಷರ ಇತ್ತು, ಒತ್ತಿದೆ, ಸರಿಹೋಯ್ತು. ಪೆನ್‌ಡ್ರೈವಿಗೆ ಹಾಕ್ಕೊಂಡು ಹೊಂಟೋದೆ. ಪಾಸ್‌ವರ್ಡಿಗೂ ಅದಕ್ಕೂ ಸಂಬಂಧ ಅದೆ ಅಂತ ನಂಗೇನು ಗೊತ್ತಮ್ಮ?"

"ಗೊತ್ತಿರ್ಲಿಲ್ಲ ಸರಿ. ಕೇಳ್ಬೋದಿತ್ತಲ್ವಾ?"

ಅವರು ದೂರನ್ನು ಅಳಿಸಿ ಹಾಕಿ ಹೊರಗೆ ಬಂದರು. "ಆಯ್ತು, ಹನುಮೇಶ. ಮಿಷನ್ ಶುರು ಮಾಡು. ಲಾರಿ ಬತ್ತದೆ."

ಹನುಮೇಶ ಅಲ್ಲಾಡಲಿಲ್ಲ. ಗಡಿಯಾರದಲ್ಲಿ ಒಂದು ದಾಟಿತ್ತು.

"ದ್ರೋಹಿ ಅಂದಿದ್ದು ಎಲ್ಲಾರ ಮುಂದ, ಸಾಹೇಬ್ರ," ಎಂದ ಮೆಲ್ಲಗೆ. "ಅಲ್ಲ ಅನ್ನೂದೂ ಇಲ್ಲೇ ಆಗ್ಲಿ. ಆಮ್ಯಾಲ ಮಿಷನ್."

ದಾಸಪ್ಪ ಕೃಷ್ಣನತ್ತ ನೋಡಿದರು. ಕೃಷ್ಣ ನೆಲ ನೋಡಿದ. ಉಳಿದ ಮಿಷನ್‌ಗಳ ಸದ್ದಿನಲ್ಲಿ ಶೆಡ್ಡಿನ ಆ ತುದಿಯವರಿಗೆ ಮಾತು ಕೇಳುವಂತಿರಲಿಲ್ಲ. ಕಡೆಗೆ ಮಾಲೀಕರು ತಾವೇ ಗೋಡೆಯ ಹತ್ತಿರ ಹೋಗಿ, ಒಂದೊಂದಾಗಿ ಅವುಗಳ ಸ್ವಿಚ್‌ಗಳನ್ನು ಆರಿಸಿ, ಕೆಲಸಗಾರರ ಕಡೆ ತಿರುಗಿದರು.

"ಎಲ್ಲಾರೂ ಕೇಳ್ರಪ್ಪ. ಹನುಮೇಶ ಏನೂ ಮಾಡಿಲ್ಲ. ಮಾಡ್ದೋನು ನಾನು."