ಪರಾತದೊಳಗಿನ ನಾಲ್ಕನೇ ಸಾಲು

ಆ ಸಾಲನ್ನು ಮೊದಲ ಸಲ ಕಂಡಾಗ ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಹಿಟ್ಟು ನಾದುವ ಹಿತ್ತಾಳೆಯ ದೊಡ್ಡ ಪರಾತದಲ್ಲಿ ಸೋಸಿದ ಹಸಿ ಮರಳು ಹರವಿ, ಮೇಲುಗಡೆ ನಾನೊಂದು ಸಾಲು ಅಕ್ಷರ ಬರೆದಿಡುತ್ತಿದ್ದೆ. ಅದರ ಕೆಳಗೆ ಚನ್ನವ್ವ ಒಂದು ಸಾಲು, ಅವಳ ತಂಗಿ ಬಾಯವ್ವ ಒಂದು ಸಾಲು ತಿದ್ದಬೇಕು. ಅಂದು ಸಂಜೆ ಬಂದು ನೋಡಿದರೆ ಅದರ ಕೆಳಗೆ ನಾಲ್ಕನೆಯದೊಂದು ಸಾಲು. ಅಗಲವಾದ ಬೆರಳು, ನಡುಗುವ ಗೆರೆ. ನನ್ನ ಪಾಠದಲ್ಲಿ ಯಾರೋ ದೊಡ್ಡವರು ಕೈ ಹಾಕಿದ್ದರು.

"ಯಾರ ಬರದ್ರ ಇದನ್ನ?"

"ಅವ್ವ," ಎಂದಳು ಚನ್ನವ್ವ.

"ನಾ ಯಾವಾಗ ಬರದ್ನೆ? ನಾ ನೇಸರಗಿ ಬಸ್ಸಿನ್ಯಾಗ ಇದ್ನಿ."

"ನೀ ಅಲ್ಲ ಚಿಗವ್ವ. ಅವ್ವ."

ಅವರ ಅವ್ವ ರಾಮವ್ವ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ನಾನು ಆ ಮನೆಗೆ ಎರಡನೆಯವಳಾಗಿ ಬಂದು ಇನ್ನೂ ಒಂದು ಹಬ್ಬದ ಸುತ್ತೂ ಮುಗಿದಿರಲಿಲ್ಲ.

ಇದು ಎಪ್ಪತ್ತೈದರ ಮಾತು. ನಾನು ಸಾವಂತ್ರೆವ್ವ, ನೇಸರಗಿ ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ನರ್ಸು. ಗಂಡನ ಹೆಸರು ಹೆಂಡತಿ ಹೇಳಬಾರದು, ಆದರೆ ಓದುವವರಿಗೆ ತಿಳಿಯಬೇಕಲ್ಲ: ಶಟ್ಟೆಪ್ಪ. ಬೈಲಹೊಂಗಲದ ಅರಳೆ ಜಿನ್ನಿನಲ್ಲಿ, ಹತ್ತಿಯ ಬೀಜ ಬಿಡಿಸುವ ಗಿರಣಿಯಲ್ಲಿ, ರಾತ್ರಿ ಪಾಳಿ. ಮಕ್ಕಳಿಗೆ ನಾಲ್ಕು ಮತ್ತು ಮೂರು ವರ್ಷ. ಆರು ತುಂಬುವವರೆಗೆ ಸಾಲಿಯಲ್ಲಿ ಸೇರಿಸಿಕೊಳ್ಳುವುದಿಲ್ಲ, ನಮ್ಮ ಓಣಿಯಲ್ಲಿ ಬಾಲವಾಡಿಯೂ ಇರಲಿಲ್ಲ. ಅಲ್ಲಿಯವರೆಗೆ ಹೆಣ್ಣುಮಕ್ಕಳು ಕೋಳಿ ಓಡಿಸುತ್ತ ಕುಳಿತರೆ ನನಗೆ ತಡೆಯದು. ರೊಟ್ಟಿ ಬಡಿಯುತ್ತ ಅಕ್ಷರ ಹೇಳಿಸಿದೆ, ಸೀರೆ ಉಡುತ್ತ ಹುಣಸೆಬೀಜ ಎಣಿಸಿದೆ. ಕಣ್ಣು ಮಂಜಾದ ಅತ್ತೆ ತಾಯವ್ವ ಅಂಗಳದ ಬಿಸಿಲಿಗೆ ಕುಳಿತು, "ಇಷ್ಟ ಅವಸರ ಯಾಕಬೇ?" ಎನ್ನುತ್ತಿದ್ದಳು.

ನಮ್ಮ ಸಂಸಾರವೆಲ್ಲ ಹೊಸ್ತಿಲಲ್ಲಿ ನಡೆಯುತ್ತಿತ್ತು. ನಾನು ಹೊರಡುವಾಗ ಅವರು ಬರುತ್ತಿದ್ದರು, ಹುಬ್ಬಿಗೆಲ್ಲ ಅರಳೆ ಮೆತ್ತಿಕೊಂಡು.

"ಹೊಂಟ್ರಿ ನರ್ಸಬಾಯಿ?"

"ರೊಟ್ಟಿ ಬುಟ್ಟ್ಯಾಗ ಅದಾವ. ಮದಲ ಮಾರಿ ತೊಳ್ಕೋರಿ. ಮುದುಕರ ಕಂಡಂಗ ಕಾಣ್ತೀರಿ."

"ಮುದುಕ ಆದ್ರೂ ನಿಮ್ಮವನ ಅಲ್ರಿ?"

ನನ್ನ ತೋಳಿಗೆ ತೋಳು ತಾಗಿಸಿಯೂ ತಾಗಿಸದ ಹಾಗೆ ಒಳಗೆ ಹೋಗುತ್ತಿದ್ದರು. ಸೀರೆಗೆ ಹತ್ತಿದ ಅರಳೆಯನ್ನು ನಾನು ಬಸ್ಸಿನಲ್ಲೂ ಕೊಡವುತ್ತಿರಲಿಲ್ಲ. ನನಗೆ ಅವರು ಬೇಕಾಗಿದ್ದರು. ಅವರಿಗೆ ನಾನು ಬೇಕೋ, ಮಕ್ಕಳಿಗೊಬ್ಬ ತಾಯಿ ಬೇಕೋ, ಅದೇ ತಿಳಿಯದೆ ಒದ್ದಾಡುತ್ತಿದ್ದೆ.

ಆ ಸಾಲು ಮರುದಿನವೂ ಇತ್ತು. ಅದರ ಮರುದಿನವೂ. ಸಂಜೆಯ ಹೊತ್ತಿಗೆ ಮಕ್ಕಳ ಸಾಲುಗಳು ಒಣಗಿ ಉದುರುತ್ತಿದ್ದವು. ನಾಲ್ಕನೆಯದು ಮಾತ್ರ ಹಸಿಯಾಗಿರುತ್ತಿತ್ತು, ಮುಟ್ಟಿದರೆ ಬೆರಳು ತಣ್ಣಗಾಗುತ್ತಿತ್ತು.

ಅತ್ತೆಗೆ ಹೇಳಿದರೆ ಅವಳು ನನ್ನ ಕೊರಳನ್ನೇ ತಡವಿದಳು. "ಟಿಕ್ಕಿ ಎಲ್ಲೈತಿ?"

ಎರಡನೆಯವಳಾಗಿ ಬಂದವಳು ಸತ್ತವಳ ಹೆಸರಿನಲ್ಲೊಂದು ಬೆಳ್ಳಿ ಟಿಕ್ಕಿ ತಾಳಿಯ ಜೊತೆ ಕಟ್ಟಿಕೊಳ್ಳಬೇಕು. ಹಿರಿಯಳನ್ನು ಕೊರಳಲ್ಲಿ ಇಟ್ಟುಕೊಂಡರೆ ಅವಳಿಗೆ ಸಮಾಧಾನ. ನಾನೂ ಕಟ್ಟಿಕೊಂಡಿದ್ದೆ. ಆದರೆ ಹೆರಿಗೆ ಬ್ಯಾನಿ ತಿನ್ನುವ ಹೆಂಗಸಿನ ಮೇಲೆ ಬಾಗಿದಾಗ ಅದು ಜೋತಾಡುತ್ತದೆ, ಸತ್ತವಳನ್ನು ನನ್ನ ಮಂಚದ ಹತ್ತಿರ ತರಬ್ಯಾಡ್ರಿ ಎಂದು ಒಬ್ಬಳು ಚೀರಿದ್ದಳು. ಅಂದಿನಿಂದ ಕೆಲಸಕ್ಕೆ ಹೋಗುವಾಗ ಅದನ್ನು ಬಿಚ್ಚಿ, ಪರಾತದ ಮೇಲಿನ ಗೋಡೆಯ ಗೂಟಕ್ಕೆ ತೂಗುಹಾಕಿ ಹೋಗುತ್ತಿದ್ದೆ.

"ಕೊರಳಾಗ ಇದ್ರ ನಿನ್ನ ಕೂಡ ತಿರಗತಾಳ," ಎಂದಳು ಅತ್ತೆ. "ಮನ್ಯಾಗ ಬಿಟ್ಟ ಹೋದ್ರ ಮನ್ಯಾಗ ಇರತಾಳ. ಇನ್ನೇನ ಮಾಡತಾಳ ಪಾಪ."

ನಾನು ವಿಜ್ಞಾನ ಓದಿದವಳು. ನಕ್ಕೆ. ಮರುದಿನ ಬೆಳಿಗ್ಗೆ ಪಾಠ ಹೇಳುವಾಗ ಬಾಯವ್ವ ಚಾಪೆಯ ಮೇಲೆ ಗೋಡೆಯ ಕಡೆ ಜಾಗ ಬಿಟ್ಟು ಸರಿದು ಕುಳಿತಳು, ಆ ಖಾಲಿ ಜಾಗದ ಮುಂದೆ ಒಂದು ಹಿಡಿ ಹುಣಸೆಬೀಜ ಇಟ್ಟಳು. ನಾನು ಉ ಎಂದೆ. ಮಕ್ಕಳಿಬ್ಬರೂ ಉ ಎಂದರು. ಅವರ ದನಿ ನಿಂತ ಮೇಲೆ ಗೋಡೆಯ ಕಡೆಯಿಂದ ಒಂದು ಉಸಿರು ಅದನ್ನೇ ಅಂದಿತು. ಅಂದು ನಗು ಬರಲಿಲ್ಲ.

ಅಂದು ಸಂಜೆ ಬೇಗ ಬಂದೆ. ಅವರು ಪಾಳಿಗೆ ಹೊರಡುವ ಮುಂಚೆ ಪರಾತದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಆ ನಾಲ್ಕನೇ ಸಾಲನ್ನೇ ನೋಡುತ್ತಿದ್ದರು. ತುಟಿಯಲ್ಲಿ ನಗೆ. ಅಂಥ ಮೆತ್ತನೆಯ ನಗೆಯನ್ನು ನನ್ನ ಕಡೆ ನೋಡಿ ಅವರು ಎಂದೂ ನಕ್ಕಿರಲಿಲ್ಲ.

"ಯಾರ ನೆನಪಾತ್ರಿ?" ಎಂದೆ.

ಅವರು ಕಳ್ಳನ ಹಾಗೆ ಎದ್ದರು. ಕಿವಿಯವರೆಗೆ ಕೆಂಪಾಗಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಮೊದಲ ಹೆಂಡತಿಯ ಬೆರಳು ಅವರಿಗೆ ಗುರುತು ಸಿಕ್ಕಿದೆ, ಅಂದುಕೊಂಡೆ. ಸತ್ತವಳೇ ಬಂದು ಮಕ್ಕಳ ಪಕ್ಕ ಕುಳಿತ ಮೇಲೆ ನನಗೆ ಈ ಮನೆಯಲ್ಲಿ ಏನು ಕೆಲಸ? ದವಾಖಾನೆಯ ಡಾಕ್ಟರರ ಹತ್ತಿರ ಹೋಗಿ ರಾಮದುರ್ಗಕ್ಕೆ ವರ್ಗ ಮಾಡಿಸಿಕೊಡಿ ಎಂದೆ. ಅಲ್ಲಿ ಜಾಗ ಖಾಲಿಯಿತ್ತು. ಬರುವ ಸೋಮವಾರ ಹೋಗಿ ಸೇರಿಕೋ ಎಂದರು. ಮನೆಯಲ್ಲಿ ಬಾಯಿ ಬಿಡಲಿಲ್ಲ.

ಶನಿವಾರ ಹೆರಿಗೆ ಲಗೂನೆ ಮುಗಿದು ಮಧ್ಯಾಹ್ನಕ್ಕೇ ಮನೆಗೆ ಬಂದೆ. ಅಂಗಳದಲ್ಲಿ ಅತ್ತೆ ತೂಕಡಿಸುತ್ತಿದ್ದಳು. ಒಳಗಿನಿಂದ ಮಕ್ಕಳ ದನಿಯ ಜೊತೆ ದಪ್ಪನೆಯ ಇನ್ನೊಂದು ದನಿ ಕೇಳಿತು. ಬಾಗಿಲ ಸಂದಿಯಿಂದ ನೋಡಿದೆ.

ನನ್ನ ಗಂಡ ಚಾಪೆಯ ಮೇಲೆ ಬೋರಲಾಗಿ ಬಿದ್ದು, ನಾಲಗೆ ಕಚ್ಚಿಕೊಂಡು ಮರಳಿನಲ್ಲಿ ಬರೆಯುತ್ತಿದ್ದರು. ಚನ್ನವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಹಂಗಲ್ಲೋ ಅಪ್ಪಾ. ಬಾಲ ಮ್ಯಾಲ ಬರಬೇಕ."

ನಾನು ಗೊಳ್ಳೆಂದು ನಕ್ಕುಬಿಟ್ಟೆ. ಅವರು ಬರೆದದ್ದನ್ನು ಅಂಗೈಯಿಂದ ಮುಚ್ಚಿಕೊಂಡು ಎದ್ದು ಕುಳಿತರು.

"ಮೂರನೇ ಇಯತ್ತೆ ಕಲತೇನಿ ಅಂತ ಸುಳ್ಳ ಹೇಳಿ ನಿಮ್ಮನ್ನ ಲಗ್ನ ಮಾಡ್ಕೊಂಡ್ನಿ," ಎಂದರು ನೆಲ ನೋಡುತ್ತ. "ನಾ ಸಾಲಿ ಮಾರೀನ ನೋಡಿಲ್ಲ. ನೀವು ಕಲತವರು. ನಾಚಿಕಿ ಬಂತು. ನಿಮ್ಮ ಮುಂದ ಹೇಳಬ್ಯಾಡ್ರಿ ಅಂತ ಹುಡುಗೂರ್ಗೆ ಅಂದಿದ್ನಿ."

"ಅದಕ್ಕ ಏನ್ರಿ ಅವತ್ತ ಕಳ್ಳರಂಗ ಓಡಿದ್ದು?"

"ನೀವು ರಾಮದುರ್ಗಕ್ಕ ಹೊಂಟೀರಂತ ದವಾಖಾನಿ ಜವಾನ ಹೇಳಿದ." ಈಗ ಅವರು ನನ್ನ ಕಣ್ಣು ನೋಡಿದರು. "ನಿಮ್ಮ ಹೆಸರ ಬರೀಬೇಕಂತ ಕುಂತೇನಿ. ಅದಕ್ಕ ಸ ಬೇಕಂತ. ನಾ ಇನ್ನೂ ಊ ದಾಗ ಅದೇನಿ."

"ಸ ಕಡೀಕ ಬರತೈತಿ."

"ಹಂಗಾರ ಕಡೀತನಕ ಇರ್ರಿ."

ಅವರ ಕೈ ನನ್ನ ಕೈ ಹಿಡಿಯಿತು. ಮರಳು ಮೆತ್ತಿದ ಬಿಸಿ ಕೈ. ನನಗೆ ಅಳು ಬಂತು, ಮುಚ್ಚಿಡಲಿಲ್ಲ. "ಎಲ್ಲೂ ಹೋಗಂಗಿಲ್ಲ," ಎಂದೆ. "ದಿನಾ ಆ ಸಾಲ ನೋಡಿ ನಾ ಎಷ್ಟ ಹೆದರಿದ್ನಿ ಗೊತ್ತೇನು? ನೀವು ಬರದೀರಿ ಅಂತ ಒಂದ ಮಾತ ಹೇಳಬಾರದ?"

ಅವರು ನನ್ನನ್ನೇ ನೋಡಿದರು. "ಯಾವ ಸಾಲ? ನಾ ಬರದದ್ದು ಅಳಿಸಿನ ಮಲಗತೇನಿ, ನಿಮಗ ಕಾಣಬಾರದಂತ. ಆ ನಾಕನೇದು ನೀವು ಬರದದ್ದಲ್ಲ? ಮ್ಯಾಲಿಂದು ಭಾಳ ಚಂದ ಇರತೈತಿ, ನನಗ ತಿಳಿಯೂದಿಲ್ಲ. ಕೆಳಗಿಂದು ನನ್ನಂಥ ದಡ್ಡಗಂತ ಹೋಗೂಮುಂದ ನೀವ ಬರದಿಟ್ಟೀರಿ, ನನ್ನ ಕಳ್ಳತನ ನಿಮಗ ಗೊತ್ತಾಗಿರಬೇಕ ಅಂತ ನಗತಿದ್ನಿ."

ಇಬ್ಬರೂ ಪರಾತದ ಕಡೆ ತಿರುಗಿದೆವು. ಮಕ್ಕಳ ಸಾಲುಗಳ ಕೆಳಗೆ ಅದು ಆಗಲೇ ಇತ್ತು, ಹಸಿಹಸಿಯಾಗಿ.

"ಅವ್ವ ಇಲ್ಲೇ ಕುಂತಾಳ," ಎಂದಳು ಬಾಯವ್ವ, ಗೋಡೆಯ ಕಡೆ ತೋರಿಸಿ. "ಆಕಿಗೂ ಬರಂಗಿಲ್ಲ. ಕಲಿಯಾಕ ಹತ್ಯಾಳ."

ಅವರ ಮುಖ ಬಿಳುಪೇರಿತು. ಗೋಡೆಯ ಕಡೆ ನೋಡುತ್ತ ಹೇಳಿದರು. ರಾಮವ್ವ ದೇಗಾಂವದವಳು. ಸಣ್ಣಾಕಿದ್ದಾಗ ಸಾಲಿಯ ಗೋಡೆಯ ಹೊರಗೆ ನಿಂತು ಒಳಗಿನ ಪಾಠ ಕೇಳುತ್ತಿದ್ದಳಂತೆ, ಅಪ್ಪ ಒಳಗೆ ಕಳಿಸಿರಲಿಲ್ಲ. ಮದುವೆಯಾದ ಮೇಲೆ ನನಗೆ ಕಲಸ್ರಿ ಎಂದಳು. ಇವರು ತಮಗೆ ಓದು ಬರುತ್ತದೆಂದೇ ಅವಳಿಗೂ ಹೇಳಿದ್ದರು. ನಾಳೆ ಕಲಸ್ತೇನಿ, ನಾಡದ ಕಲಸ್ತೇನಿ ಎನ್ನುತ್ತಲೇ ಅವಳು ಹೋಗಿಬಿಟ್ಟಳು.

ನಾನು ಆ ಖಾಲಿ ಜಾಗ ನೋಡಿದೆ. ಮೊದಲಿನ ಹೊಟ್ಟೆಕಿಚ್ಚು ಇರಲಿಲ್ಲ. ಅವಳು ಗಂಡನಿಗಾಗಿ ಬಂದವಳಲ್ಲ.

"ಕಲೀಲಿ ಬಿಡ್ರಿ," ಎಂದೆ. "ಕಲಸಾಕಿ ನಾ ಅದೇನಲ್ಲ."

"ನಾಕ ಮಂದಿಗೆ ಕಲಸ್ತೀರಿ?"

"ನಿಮ್ಮೊಬ್ಬರದ ಕಾಟ ಜಾಸ್ತಿ. ಉಳಿದವರು ಶ್ಯಾಣ್ಯಾ ಅದಾರ."

ಸೋಮವಾರ ರಾಮದುರ್ಗದ ಬಸ್ಸು ನಾನಿಲ್ಲದೆ ಹೋಯಿತು. ಬೆಳಗಿನ ಪಾಠಕ್ಕೆ ಅವರೂ ಪಾಳಿಯಿಂದ ಬಂದು ಅರಳೆ ಮೆತ್ತಿದ ಮೈಯಲ್ಲೇ ಕೂಡತೊಡಗಿದರು, ಬರೆದದ್ದನ್ನು ಅಳಿಸುವುದು ಬಿಟ್ಟರು. ನಾನು ಅಕ್ಷರಗಳನ್ನು ಗೋಡೆಯ ಕಡೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದೆ. ಬೆನ್ನಿಗೆ ತಣ್ಣನೆಯ ಗಾಳಿ ತಾಗಿದರೆ ತಿರುಗಿ ನೋಡುತ್ತಿರಲಿಲ್ಲ.

ಜಿನ್ನಿನ ಸುಗ್ಗಿ ಮುಗಿಯುವ ಹೊತ್ತಿಗೆ ಸ ಬಂತು. ಅವರು ಬೆವರುತ್ತ ಮರಳಿನ ಮೇಲೆ ಬರೀ ಸಾವಂತ್ರಿ ಎಂದು ಬರೆದರು. ಆಮೇಲೆ ನನ್ನ ಮುಖ ನೋಡಿದ ರೀತಿಗೆ ನಾನು ಅಂದು ಕೆಲಸಕ್ಕೆ ತಡವಾಗಿ ಹೋದೆ.

ಸಂಜೆ ಬಂದಾಗ ಅದರ ಕೆಳಗೆ ಅಗಲ ಬೆರಳಿನಲ್ಲಿ ಅದೇ ಹೆಸರಿತ್ತು. ಗೆರೆ ಎಲ್ಲೂ ನಡುಗಿರಲಿಲ್ಲ.

"ಅವ್ವ ಏನರ ಅಂದ್ಲ?" ಎಂದು ಚನ್ನವ್ವನನ್ನು ಕೇಳಿದೆ.

"ಹೋಗತೇನಿ ಅಂದ್ಲು. ಚಿಗವ್ವ ಅದಾಳಲ್ಲ, ಅಂದ್ಲು."

ಮರುದಿನ ಸಂಜೆ ಆ ಜಾಗದಲ್ಲಿ ಮರಳು ಮುಟ್ಟಿದವರಿಲ್ಲದೆ ಹಾಗೇ ಇತ್ತು. ಅದರ ಮರುದಿನವೂ. ನಾನು ಚಾಪೆಯ ಮೇಲೆ ಕುಳಿತುಕೊಂಡೆ. ಅವರು ಪಕ್ಕದಲ್ಲಿ ಕುಳಿತು ನನ್ನನ್ನು ಹೆಗಲಿಗೆ ಒರಗಿಸಿಕೊಂಡರು. ನಮ್ಮ ಓಣಿಯಲ್ಲಿ ಸವತಿ ಹೋದಳೆಂದು ಅತ್ತವಳು ನಾನೊಬ್ಬಳೇ ಇರಬೇಕು.