ಉಜ್ಜಬಾರದಿದ್ದ ನಾಣ್ಯ

ತಮ್ಮ ಹೋದನೆಂದು ಆಸ್ಪತ್ರೆಯಿಂದ ಸುದ್ದಿ ಬಂದಾಗ ಮಧ್ಯಾಹ್ನ. ಗಡಿಯಾರ ರಿಪೇರಿ ಮಾಡುವ ಅಣ್ಣನ ಬೆರಳುಗಳಿಗೆ ಬೆಳ್ಳಿ ಬೆಳಗುವ ಪುಡಿ ಇನ್ನೂ ಅಂಟಿಕೊಂಡಿತ್ತು. ಫೋನು ಕೆಳಗಿಟ್ಟು ಅವನು ಮೊದಲು ಮಾಡಿದ್ದು ಕೈ ತೊಳೆದದ್ದು.

ಅವನು ಉಜ್ಜಿದ್ದ ಬೆಳ್ಳಿ ನಾಣ್ಯ ಯುರೋಪಿನಲ್ಲೆಲ್ಲೋ ಅಳಿದುಹೋದ ಒಂದು ರಾಜ್ಯದ್ದು. ತಿಂಗಳ ಹಿಂದೆ ಒಬ್ಬ ಮುದುಕಿ ತೀರಿಹೋದ ಗಂಡನ ಸಂಗ್ರಹದಿಂದ ಅದನ್ನು ಅವನಿಗೆ ಮಾರಿದ್ದಳು. ಕಾಡಿಗೆಯಂಥ ಕಪ್ಪು ಅದನ್ನು ಮುಚ್ಚಿತ್ತು. ಕೊಡುವಾಗ ಅವಳು ಎಚ್ಚರಿಸಿದ್ದಳು:

"ಇದನ್ನ ಉಜ್ಜಬೇಡಪ್ಪಾ. ಇದರ ಮೇಲಿರೋ ರಾಜ ಯಾರನ್ನೋ ನೇಣಿಗೆ ಹಾಕಿಸಿದ್ನಂತೆ. ಆ ಸತ್ತೋನ ತಾಯಿ ಇದಕ್ಕೆ ಮಾಟ ಮಾಡಿಸಿಟ್ಟಿದಾಳೆ. ರಾಜನ ಮುಖ ಬೆಳಕಿಗೆ ತಂದೋರು ತಮ್ಮೋರ ಮುಖ ಕಳ್ಕೋತಾರೆ. ನಮ್ಮನೆಯವರು ಉಜ್ಜಿದ್ರು. ಮಗಳು ಹೋದ್ಲು, ಕಪ್ಪು ಮತ್ತೆ ಮುಚ್ಕೊಳ್ತು."

"ಸ್ನಾನ ಮಾಡ್ಸಿದ್ರೆ ರಾಜಂಗೆ ಕೋಪ ಬರುತ್ತಾ ಅಮ್ಮಾ?" ಎಂದು ಅವನು ನಕ್ಕಿದ್ದ.

ಪಳಗಿದ ಸಂಗ್ರಾಹಕರು ನಾಣ್ಯ ಉಜ್ಜುವುದಿಲ್ಲ. ಕಪ್ಪೇ ಅದರ ವಯಸ್ಸು. ಈ ಹವ್ಯಾಸಕ್ಕೆ ಅವನು ಹೊಸಬ. ಗಡಿಯಾರಗಳ ಬೆಳ್ಳಿ ಕವಚ ಬೆಳಗಿ ಬೆಳಗಿ, ಕಪ್ಪು ಕಂಡರೆ ಸುಮ್ಮನಿರದ ಕೈ. ಅರ್ಧ ಉಜ್ಜಿದ. ರಾಜನ ಕೆನ್ನೆ ಹೊಳೆಯಿತು. ಕೂದಲು ಸುಟ್ಟ ವಾಸನೆ ಎದ್ದಿತು.

ಮರುದಿನ ತಮ್ಮನ ಕೆನ್ನೆಯ ಮೇಲೆ ನಾಣ್ಯದಗಲದ ಕಪ್ಪು ಮಚ್ಚೆ.

"ನಿನ್ನ ರಾಜ ನಂಗೆ ಮುತ್ತು ಕೊಟ್ಟ ನೋಡಣ್ಣ" ಎಂದು ತಮ್ಮ ತಮಾಷೆ ಮಾಡಿದ.

ಅಣ್ಣನಿಗೆ ಮುದುಕಿಯ ಮಾತು ನೆನಪಾಯಿತು. ಆದರೂ ಮತ್ತೆ ನಾಣ್ಯ ಹಿಡಿದು ಕೂತ. ನಾಣ್ಯಗಳ ಪ್ರದರ್ಶನ ಹತ್ತಿರವಾಗಿತ್ತು. ಹತ್ತು ಜನರ ಮೆಚ್ಚುಗೆಯ ಆಸೆ ಅವನನ್ನು ಬಿಡಲಿಲ್ಲ. ಮಚ್ಚೆ ಹರಡಿ ತಮ್ಮ ಆಸ್ಪತ್ರೆ ಸೇರಿದ ಮೇಲೂ ಉಜ್ಜುತ್ತಲೇ ಹೋದ. ಈ ದಿನ ಬೆಳಿಗ್ಗೆ ಮುಗಿಸಿದ್ದ.

ಆಸ್ಪತ್ರೆಯಲ್ಲಿ ನರ್ಸು ಬಟ್ಟೆ ಸರಿಸಿ, ಗುರುತು ಹೇಳಬೇಕೆಂದಳು. ಕಣ್ಣು ಕಾಣಲಿಲ್ಲ, ಮೂಗು ಕಾಣಲಿಲ್ಲ. ಮುಖವಿರಬೇಕಾದಲ್ಲಿ ನುಣ್ಣನೆಯ ಮಸಿ. ತನ್ನ ತಮ್ಮನೇ ಎಂದ. ಆ ಮುಖ ಹೋದದ್ದು ಹೇಗೆಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತು?

ಮನೆಗೆ ಓಡಿದ. ಬಾಗಿಲು ಹಾಕಿದ. ನಾಣ್ಯ ಎತ್ತಿದ. ಐಸಿನಂತೆ ಕೊರೆಯಿತು. ಅದರಲ್ಲಿ ರಾಜನ ಕಿರೀಟವಿಲ್ಲ. ಗಡ್ಡವಿಲ್ಲ. ಚಿಕ್ಕಂದಿನಲ್ಲಿ ಬಿದ್ದು ಸೊಟ್ಟಗಾದ ಮೂಗು. ತಮ್ಮ! ಅಂಚಿನಿಂದ ಕಪ್ಪು ಹರಿದು ಬರುತ್ತಿತ್ತು. ಗಲ್ಲ ಮುಚ್ಚಿತು. ತುಟಿ ಮುಚ್ಚಿತು. ಒರೆಸಿದರೆ ಇನ್ನೊಮ್ಮೆ ನೋಡಬಹುದು. ಒಂದೇ ಸಲ. ಹೆಬ್ಬೆರಳು ತಾನಾಗಿ ಮುಂದೆ ಸರಿಯಿತು.

ಪಕ್ಕದ ಕೋಣೆಯಲ್ಲಿ ಅಮ್ಮ ಅಳುತ್ತಿದ್ದಳು. ತನ್ನವರೆಂದು ಅವನಿಗೆ ಇನ್ನು ಉಳಿದಿದ್ದವಳು ಅವಳೊಬ್ಬಳೇ.

ಬೆರಳು ನಿಂತಿತು. ತಮ್ಮನ ಕಣ್ಣೂ ಮುಚ್ಚಿಹೋಯಿತು.

ಅವನು ಕೈಮುಗಿದ. ದೇವರೇ, ತಪ್ಪು ನನ್ನದು, ತೆತ್ತವನು ಅವನು. ಆ ಕಪ್ಪಿನೊಳಗೆ ನನ್ನ ತಮ್ಮ ನೆಮ್ಮದಿಯಾಗಿ ಮಲಗಿರಲಿ. ನಾನೆಷ್ಟೇ ಹಂಬಲಿಸಿದರೂ ಈ ಕೈ ಅವನನ್ನು ಎಬ್ಬಿಸದಿರಲಿ.